ಟ್ಯಾಂಕಿನಲ್ಲಿ ಉಳಿದಿದ್ದ ನೀರು

ಉಲ್ಲಾಪೂಲ್, ಮೇ ೬

ಮಗಳೇ ಮೊರಾಗ್,

ರಜೆಯಲ್ಲಿ ನಾವು ಅಡುಗೆ ಮಾಡಿಕೊಂಡು ಮಲಗ್ತಿದ್ದ ನಮ್ಮ ಹಳೇ ವ್ಯಾನು ಓಡಿಸಿಕೊಂಡು ಒಬ್ಬಳೇ ಇಲ್ಲಿನ ವ್ಯಾನು ನಿಲ್ಲಿಸೋ ಮೈದಾನಕ್ಕೆ ಬಂದು ಮುಟ್ಟಿದೆ. ಒಳಗಿನ ಸಿಂಕಿನ ನಲ್ಲಿ ತಿರುಗಿಸಿದರೆ ನೀರು ಬಂದದ್ದು ನನ್ನ ಕಾಲ ಮೇಲೆ! ಚಳಿ ಬೀಳೋಕೆ ಮುಂಚೆ ವ್ಯಾನಿನ ನೀರೆಲ್ಲ ಖಾಲಿ ಮಾಡೋದು ನಿಮ್ಮಪ್ಪನ ಕೆಲಸ ಆಗಿತ್ತಲ್ಲ. ಅವರು ಸೆಪ್ಟೆಂಬರಿನಲ್ಲೇ ಹೋಗಿಬಿಟ್ಟರು, ನನಗೆ ನೆನಪೇ ಆಗಲಿಲ್ಲ. ಒಳಗಿದ್ದ ನೀರು ಚಳಿಗೆ ಹೆಪ್ಪುಗಟ್ಟಿ ಸಿಂಕಿನ ಕೆಳಗಿನ ಪೈಪು ಉದ್ದಕ್ಕೆ ಸೀಳಿಹೋಗಿದೆ.

ಅವರ ರಿಪೇರಿ ಸಾಮಾನಿನ ಡಬ್ಬಿಯಲ್ಲಿದ್ದ ಪೈಪಿನ ತುಂಡು, ಎರಡು ಕ್ಲಿಪ್ಪು ತೆಗೆದು ನಾನೇ ಹಾಕಿದೆ. ಅವರಾಗಿದ್ದರೆ ಮೂರು ದಿನ ಎಳೀತಿದ್ದರು. ಪಕ್ಕದ ವ್ಯಾನಿನ ಮುದುಕ ಬಗ್ಗಿ ನೋಡಿ, "ಟ್ಯಾಂಕಲ್ಲಿರೋದು ಹೋದ ವರ್ಷದ ನೀರೇನಮ್ಮ? ಥೂ, ಮೊದಲು ಚೆಲ್ಲು," ಅಂದ.

ಹೌದು, ಹೋದ ಆಗಸ್ಟಿನಲ್ಲಿ ನಿಮ್ಮಪ್ಪ ಸಿಳ್ಳೆ ಹಾಕುತ್ತಾ ತುಂಬಿಸಿದ್ದ ನೀರು. ಟ್ಯಾಂಕಿನ ಬಿರಡೆ ತೆಗೆದು, ಅಷ್ಟೂ ಹುಲ್ಲಿನೊಳಗೆ ಇಂಗುವವರೆಗೆ ನಿಂತು ನೋಡಿದೆ.

ಚೆಲ್ಲೋಕೆ ಮುಂಚೆ ಒಂದು ಕೆಟಲಿನಷ್ಟು ಮಾತ್ರ ಹಿಡಿದಿಟ್ಟುಕೊಂಡಿದ್ದೆ. ಚೆನ್ನಾಗಿ ಕುದಿಸಿ, ಟೀ ಮಾಡಿ ಕುಡಿದೆ. ಹೊಟ್ಟೆಗೇನೂ ಆಗಿಲ್ಲ, ಬಯ್ಯಬೇಡ.

ಅಮ್ಮ