ಪಕ್ಕದ ಸೀಟಿನ ಭಾರ

ಮಾರ್ಚ್ 3, ಭಾನುವಾರ

ನನ್ನ ಸರದಿ; ಒಂದು ಭಾನುವಾರ ಕಾರು ನನಗೆ, ಮುಂದಿನದು ಗೆಳೆಯ ದೊರೆಗೆ. ಶೆಡ್ ತೆಗೆದು, ಬಟ್ಟೆ ಒದ್ದೆ ಮಾಡಿ ಕಾರು ಒರೆಸಿದೆ. ಎಂದಿನಂತೆ ಬಾನೆಟ್‌ನಿಂದ ಶುರು. ಎಂದಿನಂತೆ ಸೀಟಿನ ಸಂದಿಯಲ್ಲಿ ದೊರೆ ತಿಂದು ಬಿಟ್ಟ ಬಿಸ್ಕತ್ತಿನ ಪುಡಿ. ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ. ಕಿವಿಗೇ ಹಾಕಿಕೊಳ್ಳುವುದಿಲ್ಲ ಮಹಾನುಭಾವ.

ಇವತ್ತು ಮನೆಯವಳೂ ಬಂದಳು, ಅಪರೂಪಕ್ಕೆ. ಮಾರ್ಕೆಟ್ ತಿರುವಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಅವಳ ಕಡೆಯ ಮುಂದಿನ ಚಕ್ರದಿಂದ ಕರ್ರ್... ಅಂತ ಸದ್ದು. "ನಾನು ಅಷ್ಟೊಂದು ದಪ್ಪ ಆಗಿದೀನಾ?" ಅಂದಳು. ಬಾಯಿ ಮುಚ್ಚಿಕೊಂಡಿರುವಷ್ಟು ಬುದ್ಧಿ ನನಗಿದೆ. ಅವಳನ್ನು ಮನೆಗೆ ಬಿಟ್ಟು ಒಬ್ಬನೇ ಅದೇ ತಿರುವಿಗೆ ಹೋದೆ. ಸದ್ದಿಲ್ಲ. ಪಕ್ಕದಲ್ಲಿ ಯಾರಾದರೂ ಕೂತರೆ ಮಾತ್ರ ಕಾರು ಒಂಚೂರು ತಗ್ಗಿ ಟೈರು ಮಡ್‌ಗಾರ್ಡಿನ ಒಳಗೆ ಉಜ್ಜುತ್ತದೆ.

ಎಲ್ಲಾ ದೊರೆಯ ಪ್ರತಾಪ. ಹೋದ ವರ್ಷ ಯಾರದೋ ಅರ್ಧ ಸವೆದ ದಪ್ಪ ಟೈರು ತಂದು ಹಾಕಿದ. ಸ್ಪೋರ್ಟ್ಸ್ ಕಾರು ಅಂದಮೇಲೆ ಟೈರು ದಪ್ಪಗಿರಬೇಕಂತೆ. ಬೇಡ ಎಂದು ಬಡಕೊಂಡೆ. ವಾರಗಟ್ಟಲೆ ಮಾತು ಬಿಟ್ಟಿದ್ದೆವು.

ಸಂಜೆ ಅವನ ಮನೆಗೆ ಹೋಗಿ ಹೇಳಿದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವನು ತಣ್ಣಗೆ, ಹೌದು ಕಣೋ, ಟೈರು ಬಿರುಕೂ ಬಿಟ್ಟಿದೆ, ಬದಲಾಯಿಸೋಣ ಅಂದ. ಆಮೇಲೆ — "ಕಂಪನಿ ಕೊಟ್ಟ ಸೈಜೇ ಹಾಕ್ಸು. ಬೇರೆ ಬೇಡ. ನೀನೇ ಹುಡುಕು, ನಿನ್ನಷ್ಟು ತಲೆ ಕೆಡಿಸ್ಕೊಳ್ಳೋರು ಯಾರೂ ಇಲ್ಲ."

ದೊರೆ ಸೋಲೊಪ್ಪಿದ! ಇವಳಿಗೆ ಹೇಳಿದರೆ ನಂಬಲಿಲ್ಲ.

ಮಾರ್ಚ್ 5, ಮಂಗಳವಾರ

ಸೈಜಿನ ಸ್ಟಿಕ್ಕರು ಡ್ರೈವರ್ ಬಾಗಿಲ ಪಕ್ಕದ ಕಂಬದ ಮೇಲೆ ಇರಬೇಕು. ಇಲ್ಲ. ಹಣೆ ಹಣೆ ಚಚ್ಚಿಕೊಂಡೆ. ಗುಜರಿಯಿಂದ ತಂದ ಕಾರಿಗೆ ನಾವೇ ಬಣ್ಣ ಹೊಡೆದದ್ದಲ್ಲವೇ, ಸ್ಟಿಕ್ಕರ್ ಮೇಲೂ ಸೇರಿಸಿ ಹೊಡೆದಿದ್ದೇವೆ. ದೊರೆ ಕುರ್ಚಿಯ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದ, ನಾನು ಬಳಿಯುತ್ತಿದ್ದೆ. ಅವನಿಗೆ ಆ ಹೆಸರು ಬಿದ್ದದ್ದೇ ಹಾಗೆ. ಇಬ್ಬರು ದಡ್ಡರು, ಒಂದು ಡಬ್ಬ ಕೆಂಪು ಬಣ್ಣ. ಎಷ್ಟು ನಕ್ಕಿದ್ದೆವು ಆಗ.

ಮಧ್ಯಾಹ್ನ ನನ್ನ ಕನ್ನಡಕದಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಕನ್ನಡಕದ ಫ್ರೇಮ್ ಕೆರೆಯುವ ಬ್ಲೇಡು ತೆಗೆದುಕೊಂಡು ಹಿಂದಿನ ಶೆಡ್ಡಿಗೆ ಹೋಗಿ ಕೂತೆ. ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ಬಣ್ಣ ಎಬ್ಬಿಸುತ್ತಾ... ಮೊದಲು 1 ಕಂಡಿತು. ಆಮೇಲೆ 9. ಪೂರ್ತಿ ಸಾಲು: 195/50 R15. ಅದರ ಕೆಳಗೆ ಇನ್ನೊಂದು ಸಾಲಿದೆ, ಗಾಳಿಯ ಲೆಕ್ಕ ಇರಬೇಕು. ಕುತ್ತಿಗೆ ಹಿಡಿದುಕೊಂಡಿತು, ಅಲ್ಲಿಗೇ ಬಿಟ್ಟೆ.

ಮಾರ್ಚ್ 9, ಶನಿವಾರ

ಟೈರಿನ ಅಂಗಡಿಯವನ ಜೊತೆ ಒಂದು ಸುತ್ತು ವಾದ. ಈಗಿರುವುದು 205/50, ಅದನ್ನೇ ಹಾಕಿ ಸಾರ್, ಸ್ಟಾಕ್ ಇದೆ, ಹತ್ತು ಮಿಲ್ಲಿಮೀಟರಿಗೆ ಯಾಕೆ ತಲೆ ತಿಂತೀರಾ, ಇದೇನು ಕಣ್ಣಿನ ಪವರಾ ಅಂದ.

ಪವರೇ. 205 ಅಂದರೆ ಅಗಲ. ಪಕ್ಕದ 50 ಅಂದರೆ ಆ ಅಗಲದ ಅರ್ಧದಷ್ಟು ರಿಮ್ಮಿನ ಹೊರಗಿನ ರಬ್ಬರಿನ ಎತ್ತರ. ಅಗಲ ಹೆಚ್ಚಿಸಿದರೆ ಎತ್ತರವೂ ತಾನಾಗಿ ಹೆಚ್ಚುತ್ತದೆ, ಮೇಲೂ ಕೆಳಗೂ. ದೊರೆ ಅಗಲ ನೋಡಿದ, ಎತ್ತರ ಮರೆತ. ಅದಕ್ಕೇ ಉಜ್ಜುವುದು. ಬಿಲ್ಲಿನ ಹಿಂದೆ ಚಿತ್ರ ಬರೆದು ತೋರಿಸಿದೆ. ಟೈರಿನವ ಆಕಳಿಸಿ, ತರಿಸ್ತೀನಿ ಬಿಡಿ ಅಂದ. ತಯಾರಾದ ದಿನಾಂಕ ನೋಡಿಯೇ ತೆಗೆದುಕೊಳ್ಳುತ್ತೇನೆ, ಗೋಡೌನಿನಲ್ಲಿ ಕೊಳೆತ ಮಾಲು ಬೇಡ ಎಂದೂ ಹೇಳಿದೆ. ಕೈ ಮುಗಿದ.

ಎಲ್ಲಿ ಉಜ್ಜುತ್ತದೆ ಎಂದು ಸರಿಯಾಗಿ ಗೊತ್ತಾಗಲಿ ಅಂತ ಇವಳ ಉಗುರುಬಣ್ಣ ತಂದು ಪಕ್ಕದ ಸೀಟಿನ ಕಡೆಯ ಮಡ್‌ಗಾರ್ಡಿನ ಒಳಅಂಚಿಗೆ ಬಳಿದೆ. ಕೇಳದೆ ತಂದದ್ದಕ್ಕೆ ಬೈಸಿಕೊಂಡೆ.

ಮಾರ್ಚ್ 11, ಸೋಮವಾರ

ವಿಚಿತ್ರ. ಉಗುರುಬಣ್ಣ ಕಿತ್ತುಹೋಗಿದೆ, ನೆಕ್ಕಿದ ಹಾಗೆ.

ನಿನ್ನೆ ದೊರೆಯ ಸರದಿ. ಫೋನಿನಲ್ಲಿ ಕೇಳಿದೆ, ಯಾರಾದರೂ ಜೊತೆಗಿದ್ದರಾ ಅಂತ. "ಇಲ್ಲಪ್ಪ, ಒಬ್ಬನೇ. ಯಾಕೆ?" ಒಬ್ಬನೇ ಹೋದರೆ ಉಜ್ಜುವುದಿಲ್ಲ ಎಂದು ಹೇಳಲು ಹೋದೆ... ಹೇಳಲಿಲ್ಲ. ನಾನಂತೂ ಆ ಸೀಟಿನಲ್ಲಿ ಕೂತು ಯುಗವಾಯಿತು, ಅದರ ಸ್ಪಂಜು ಕೂತುಹೋಗಿ ನನ್ನ ಬೆನ್ನಿಗೆ ಆಗುವುದಿಲ್ಲ.

ಇವಳು ನಗುತ್ತಾಳೆ. "ಯಾರನ್ನೋ ಕೂರಿಸ್ಕೊಂಡು ಸುತ್ತಾಡಿದಾರೆ ಬಿಡ್ರಿ. ಹೆಂಡತಿ ಹೋಗಿ ಎಷ್ಟು ವರ್ಷ ಆಯ್ತು, ಪಾಪ." ಇದ್ದರೂ ಇರಬಹುದು. ಕಳ್ಳ! ಖುಷಿಯಾಯಿತು. ನನಗೆ ಹೇಳಲಿಲ್ಲವಲ್ಲ ಎಂದು ಒಂಚೂರು ಚುಚ್ಚಿತು ಕೂಡ. ಹೇಳುತ್ತಾನೆ, ಅವನಾಗಿಯೇ ಹೇಳಲಿ.

ಮಾರ್ಚ್ 15, ಶುಕ್ರವಾರ

ದೊರೆ ಅಂಗಡಿಗೆ ಬಂದಿದ್ದ, ಕನ್ನಡಕದ ತಿರುಪು ಬಿಗಿ ಮಾಡಿಸಲು. ಕೂತ. ಟೈರು ಯಾವಾಗ ಬರುತ್ತೆ ಅಂದ. ಮುಂದಿನ ಶನಿವಾರದೊಳಗೆ ಆದರೆ ಒಳ್ಳೆಯದಂತೆ. ಏನೋ ಅವಸರ, ಯಾರಿಗೆ ತೋರಿಸಬೇಕು ಎಂದು ಕಣ್ಣು ಮಿಟುಕಿಸಿದೆ. ಮುಖ ಕೆಂಪಾಯಿತು ಅವನದು. ಹೋಗುವಾಗ ಭುಜದ ಮೇಲೆ ಕೈಯಿಟ್ಟು, ನೀನು ಒಳ್ಳೆಯವನು ಕಣೋ ಅಂದ. ಅಂಥ ಮಾತಾಡುವ ಆಸಾಮಿಯೇ ಅಲ್ಲ. ಪ್ರೀತಿ ಮನುಷ್ಯನನ್ನು ಏನೇನು ಮಾಡುತ್ತದೆ.

ಮಾರ್ಚ್ 22, ಶುಕ್ರವಾರ

ಹೇಗೆ ಬರೆಯಲಿ. ಸಿಟ್ಟು ಇನ್ನೂ ಇಳಿದಿಲ್ಲ.

ಟೈರು ಬಂದಿತ್ತು. ನಾಲ್ಕೂ ಹೊಸದು, ದಿನಾಂಕ ಸರಿಯಾಗಿದೆ, ಸೈಜು ಸರಿಯಾಗಿದೆ. ಕೂಡಿಸುವವರೆಗೂ ಪಕ್ಕದಲ್ಲೇ ನಿಂತಿದ್ದೆ. ಟೈರಿನವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಅಂಗಳದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದೆ. ಸದ್ದಿಲ್ಲ. ಎಷ್ಟು ಹಿಗ್ಗಿದೆ ಅಂದರೆ ಅವನ ಕೈ ಕುಲುಕಿದೆ.

ಅವನೂ ನಕ್ಕು, ತಗೊಳ್ಳೋರು ಪುಣ್ಯವಂತರು ಬಿಡಿ ಸಾರ್ ಅಂದ.

ಯಾರು ತಗೊಳ್ಳೋರು?

"ಅದೇ ಸಾರ್, ನಿಮ್ ಫ್ರೆಂಡ್ ಜೊತೆ ಒಬ್ರು ಸಾಹೇಬ್ರು ಬಂದಿದ್ರಲ್ಲ ಹೋದ ವಾರ, ಇದೇ ಕಾರಲ್ಲಿ. ಕಂಪನಿ ಸೈಜೇ ತಾನೇ ಹಾಕೋದು ಅಂತ ಎರಡೆರಡು ಸಲ ಕೇಳಿದ್ರು. ಅದಿಲ್ದಿದ್ರೆ ಗಾಡಿ ಬೇಡ ಅಂತಿದ್ರು." ಆಮೇಲೆ ನನ್ನ ಮುಖ ನೋಡಿದ. "ನಿಮಗೆ ಗೊತ್ತಿಲ್ವಾ?"

ಹಾಗಾದರೆ ಅವತ್ತು ದೊರೆಯ ಪಕ್ಕದ ಸೀಟಿನಲ್ಲಿ ಕೂತವನು ಇವನೇ. ನನ್ನ ಕಾರು ಕೊಳ್ಳುವವನು! ನಾನು ಹೆಂಗಸು ಎಂದುಕೊಂಡು ಒಳಗೊಳಗೇ ಹರಸುತ್ತಿದ್ದೆ.

ಅದೇ ದಿನ, ಸಂಜೆ

ಅವನ ಮನೆಗೆ ನೇರ ಹೋದೆ. ಬಾಗಿಲು ತೆಗೆದವನಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. ಹೇಳಬೇಕು ಅಂತಲೇ ಇದ್ದೆ ಅಂದ. ಯಾವಾಗ, ಈ ಟೈರೂ ಸವೆದ ಮೇಲಾ ಅಂದೆ.

ಮಂಡಿ ನೋವಂತೆ. ತಗ್ಗಿನ ಕಾರಿಗೆ ಹತ್ತಿ ಇಳಿಯಲು ಆಗುವುದಿಲ್ಲವಂತೆ. ಸರಿ, ಇಳಿ, ನಾನು ಓಡಿಸುತ್ತೇನೆ, ನನಗೆ ಬಿಟ್ಟುಬಿಡು ಅಂದೆ. ಮಾತು ಕೊಟ್ಟಾಗಿದೆ ಅಂದ. ಕಾಗದ ಅವನ ಹೆಸರಿನಲ್ಲಿದೆ, ಶೆಡ್ಡು ನನ್ನದು, ಕೀಲಿ ಇಬ್ಬರದೂ. ಯಾರದು ಎಷ್ಟು ಎಂದು ಇಷ್ಟು ವರ್ಷ ನಾವು ಬಾಯಿಬಿಟ್ಟು ಮಾತಾಡಿದ್ದೇ ಇಲ್ಲ. ಬರುವುದರಲ್ಲಿ ಅರ್ಧ ನಿನಗೇ ಎಂದೂ ಹೇಳಿದ. ಅದನ್ನು ಕೇಳಿ ಮೈಯೆಲ್ಲಾ ಉರಿದುಹೋಯಿತು.

ಒಂದೇ ಮಾತು ಕೇಳಿದೆ. ಮಾರುವುದಿದ್ದರೆ ಮಾರು, ಅದಕ್ಕೆ ನನ್ನ ಕೈಯಲ್ಲೇ ಯಾಕೆ ಟೈರು ಹುಡುಕಿಸಿದೆ?

"ನೀನು ಹುಡುಕಿದ್ರೆ ತಪ್ಪಾಗಲ್ಲ ಅಂತ. ಮಾರೋಕೆ ಅಂತ ಹೇಳಿದ್ರೆ ಮಾಡ್ತಿದ್ಯಾ?"

"ಇಲ್ಲ."

"ಅದಕ್ಕೇ ಹೇಳ್ಲಿಲ್ಲ."

ಎಷ್ಟು ಸಲೀಸಾಗಿ ಅಂದ. ಚಹಾ ಕುಡೀತೀಯಾ ಎನ್ನುವ ಹಾಗೆ. ನನ್ನ ಕಣ್ಣಿಗೇ ಮಣ್ಣೆರಚಿದ, ದಿನಾ ಊರವರ ಕಣ್ಣು ನೋಡುವ ನನಗೆ. ಸ್ನೇಹಿತ ಅಲ್ಲ ನೀನು ಎಂದು ಹೇಳಿ ಎದ್ದು ಬಂದೆ. ಅವನು ಗೇಟಿನವರೆಗೂ ಬಂದ. ತಿರುಗಿ ನೋಡಲಿಲ್ಲ.

ಮಾರ್ಚ್ 23, ಶನಿವಾರ

ಶೆಡ್ಡಿನ ಬೀಗ ಬದಲಾಯಿಸಿ ಎಂದು ಇವಳು ರಾತ್ರಿಯೇ ಹೇಳಿದಳು. ಬದಲಾಯಿಸಲಿಲ್ಲ. ಅಷ್ಟೆಲ್ಲ ಆಡಿದ ಮೇಲೆ ದೊರೆ ಯಾವ ಮುಖ ಇಟ್ಟುಕೊಂಡು ಬರುತ್ತಾನೆ ಅಂದುಕೊಂಡಿದ್ದೆ.

ಒಬ್ಬ ಅಜ್ಜಿಯ ಕಣ್ಣು ಪರೀಕ್ಷೆ ಮಾಡುತ್ತಿದ್ದೆ. ಈ ಗಾಜು ಹಾಕಿದರೆ ಚೆನ್ನಾಗಿ ಕಾಣುತ್ತಾ, ಅದು ಹಾಕಿದರಾ ಎಂದು ಕೇಳುತ್ತಿರುವಾಗ ಹಿಂದೆ ಎಂಜಿನ್ ಶುರುವಾಯಿತು. ಅದರ ಮೊದಲ ಕೆಮ್ಮು ಯಾವ ನಿದ್ದೆಯಲ್ಲೂ ಗುರುತಿಸುತ್ತೇನೆ. ಗೇರು ಬಿತ್ತು. ಗಲ್ಲಿಯ ಕೊನೆಯಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಲೇಬೇಕು, ದೊರೆ, ಕೊಳ್ಳುವವನು, ಇಬ್ಬರಿರುತ್ತಾರೆ ಒಳಗೆ. ಕೈಯಲ್ಲಿ ಗಾಜು ಹಿಡಿದು ಕಿವಿಗೊಟ್ಟು ನಿಂತೆ. ಉಜ್ಜಲಿಲ್ಲ.

ಅಜ್ಜಿ, ಎರಡೂ ಒಂದೇ ಥರ ಕಾಣುತ್ತಪ್ಪ ಅಂದಳು.

ಮಾರ್ಚ್ 31, ಭಾನುವಾರ

ನನ್ನ ಸರದಿ. ಶೆಡ್ಡಿನಲ್ಲಿ ಎಣ್ಣೆ ಕಲೆ ಬಿಟ್ಟರೆ ಏನೂ ಇಲ್ಲ. ಬಟ್ಟೆ ಒದ್ದೆ ಮಾಡಿಕೊಂಡಿದ್ದೆ, ಅಭ್ಯಾಸಬಲ.

ಏಪ್ರಿಲ್ 22, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ದೊರೆ ಎರಡು ಸಲ ಫೋನ್ ಮಾಡಿದ, ಎತ್ತಲಿಲ್ಲ. ಕವರಿನಲ್ಲಿ ಹಾಕಿ ಕಳಿಸಿದ ಅರ್ಧ ಹಣವನ್ನು ಇವಳ ಕೈಯಲ್ಲಿ ವಾಪಸ್ ಕಳಿಸಿದೆ.

ಇವತ್ತು ಅಂಗಡಿಯ ಮುಂದೆ ಕೆಂಪು ಕಾರು ಬಂದು ನಿಂತಿತು. ಕೊಂಡವನು. ಮರ್ಯಾದಸ್ಥ, ನಾನು ಮನಸ್ಸಿನಲ್ಲಿ ಬೈದುಕೊಂಡಿದ್ದ ಹಾಗಿಲ್ಲ. ಗಾಳಿ ಎಷ್ಟು ಹಾಕಿಸಬೇಕು ಎಂದು ಕೇಳಲು ಬಂದಿದ್ದ. ದೊರೆ ಮೂವತ್ತೆರಡು ಅಂದನಂತೆ. ಯಾಕೋ ಕಾರು ಕುಣಿಯುತ್ತದೆ ಸಾರ್, ಅವರೇ ನಿಮ್ಮನ್ನು ಕೇಳಿ ಅಂದರು ಎಂದ.

ಗೊತ್ತಿಲ್ಲ ಎಂದು ಕಳಿಸಬಹುದಿತ್ತು. ಆದರೆ ಟೈರು ಏನು ಪಾಪ ಮಾಡಿದೆ. ಬ್ಲೇಡು ತೆಗೆದುಕೊಂಡು ಹೊರಗೆ ಹೋಗಿ ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತೆ. ಅವತ್ತು ಬಿಟ್ಟ ಎರಡನೆಯ ಸಾಲನ್ನು ಕೆರೆದೆ. 26. ನೋಡಿ, ನಾಲ್ಕಕ್ಕೂ ಇಷ್ಟೇ, ತಣ್ಣಗಿರುವಾಗ ಹಾಕಿಸಿ ಅಂದೆ. ಟೈರಿನ ಅಂಗಡಿಗೆ ಹೋಗೋಣ, ನೀವೂ ಬನ್ನಿ ಸಾರ್ ಅಂದ. ಯಾಕೆ ಒಪ್ಪಿದೆನೋ.

ಪಕ್ಕದ ಸೀಟಿನಲ್ಲಿ ಕೂತೆ. ಸ್ಪಂಜು ಹಾಗೇ ಇದೆ, ಬೆನ್ನು ಹಿಡಿಯಿತು. ಸಂದಿಯಲ್ಲಿ ಕೈ ಹಾಕಿದರೆ ಬಿಸ್ಕತ್ತಿನ ಪುಡಿ. ಇನ್ನೂ ಇದೆ. ಕಿಟಕಿಯ ಕಡೆ ತಿರುಗಿಕೊಂಡೆ.

ಗಾಳಿ ಇಳಿಸಿ ಬರುವಾಗ ಕಾರು ಕುಣಿಯಲಿಲ್ಲ. ಮಾರ್ಕೆಟ್ ತಿರುವು ಬಂತು. ಅವನು ಸ್ಟಿಯರಿಂಗ್ ಪೂರ್ತಿ ತಿರುಗಿಸಿದ, ಇಬ್ಬರ ಭಾರಕ್ಕೆ ಕಾರು ತಗ್ಗಿತು. ಏನೂ ಸದ್ದಿಲ್ಲ. ಹೇಳಿ ಮಾಡಿಸಿದ ಹಾಗಿದೆ. ನೋಡಿದೆಯಾ, ನಾನು ಬಡಕೊಂಡಿರಲಿಲ್ಲವಾ ಎಂದು ಹೇಳಬೇಕು ಅನ್ನಿಸಿತು. ಇದರ ಬೆಲೆ ತಿಳಿಯುವವನು ಊರಿಗೆಲ್ಲಾ ಒಬ್ಬನೇ. ಇಳಿದ ತಕ್ಷಣ ಜೇಬಿನಿಂದ ಫೋನ್ ತೆಗೆದೆ, ದೊರೆಯ ಹೆಸರು ಒತ್ತಿಯೂ ಬಿಟ್ಟೆ, ಅತ್ತ ಕಡೆ ರಿಂಗ್ ಆಗುವಾಗ ನೆನಪಾಯಿತು, ನಾವಿಬ್ಬರೂ ಈಗ ಸ್ನೇಹಿತರಲ್ಲವಲ್ಲ.