ನಮ್ಮ ಹೊಲದ ಮೇಲೆ ಮಾಡಿದ ಪರೀಕ್ಷೆ

ಮಹಾಲಿಂಗಪುರ
12-12-2015, ಶನಿವಾರ

ಪ್ರೀತಿಯ ಯಜಮಾನರಿಗೆ ನಿಮ್ಮ ರಾಜಶ್ರೀ ಮಾಡುವ ನಮಸ್ಕಾರಗಳು.

ಆರೋಗ್ಯ ಹೇಗಿದೆ? ಕೆಮ್ಮು ಕಡಿಮೆಯಾಯಿತೇ? ನಿಮ್ಮ ಅಕ್ಕ ಇಂದ್ರವ್ವ ಕಷಾಯ ಮಾಡಿ ಕೊಡುತ್ತಿದ್ದಾರೆಂದು ತಿಳಿಯಿತು. ಊಟಕ್ಕೆ ಕುಳಿತರೆ ಅರ್ಧಕ್ಕೇ ಏಳುತ್ತೀರಂತೆ. ಫೋನು ಬಂದ್ ಮಾಡಿ ಕುಳಿತವರನ್ನು ನಾನು ಹೇಗೆ ಮಾತಾಡಿಸಲಿ? ಅದಕ್ಕೇ ಅಕ್ಕನ ಊರು ಲೋಕಾಪುರಕ್ಕೆ ಹೊರಟ ಪಕ್ಕದ ಮನೆಯ ಸೋಮವ್ವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಪೂರ್ತಿ ಓದಿ.

ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ನಿಮ್ಮ ಹೆಸರೇ. ಕಬ್ಬಿನ ಅಂಕಿಅಂಶ ನೋಡುವ ಆ ಹೊಸ ಸಾಫ್ಟ್‌ವೇರಿನಲ್ಲಿ ನಿಮಗಿದ್ದದ್ದು ನೋಡುವ ಅನುಮತಿ ಮಾತ್ರ. ಯಾರ ಹೊಲ ಮೊದಲು ಕಡಿಯಬೇಕೆಂಬ ಸರದಿ ಬದಲಿಸುವ ಹಕ್ಕು ನಿಮ್ಮ ಮೇಲಿನ ಸಾಹೇಬರೊಬ್ಬರಿಗೇ. ಆದರೆ ನಿಮ್ಮಂಥವರು ಒಂದು ವರದಿ ತಯಾರಿಸಿ ಉಳಿಸಿದರೆ ಸಾಕು, ಸಾಫ್ಟ್‌ವೇರು ಅದನ್ನು ಸಾಹೇಬರ ಹಕ್ಕಿನಲ್ಲೇ ಓಡಿಸುತ್ತದೆ, ಅದರಲ್ಲಿ ಬರೆದದ್ದೆಲ್ಲ ನಡೆದುಹೋಗುತ್ತದೆ ಎಂದು ನಾನು ರೊಟ್ಟಿ ಬಡಿಯುವಾಗ ನೀವೇ ವಿವರಿಸಿದ್ದಿರಿ. ನನಗೆ ತಿಳಿಯಿತು, ನೀವು ಹೋಗಿ ಹೇಳಿದರೂ ಸಾಹೇಬರಿಗೆ ತಿಳಿಯಲಿಲ್ಲ. "ಮಾಡಿ ತೋರಸಲೇ, ನೋಡೂನು" ಎಂದರಂತೆ. ಪರೀಕ್ಷೆಗೆಂದು ಬೇರೆಯವರ ಹೊಲ ಮುಟ್ಟಿದರೆ ಪಾಪ ಬರುತ್ತದೆಂದು ನೀವು ನಮ್ಮದನ್ನೇ ಮೊದಲ ಸಾಲಿಗೆ ತಂದಿರಿ. ಅಷ್ಟು ಒಳ್ಳೆಯತನ ಯಾರು ಕೇಳಿದ್ದರು ನಿಮ್ಮನ್ನು? ಸಾಹೇಬರು ಊಟ ಮುಗಿಸಿ ಬಂದು ನೋಡಲಿ ಎಂದು ಹಾಗೆಯೇ ಬಿಟ್ಟಿರಿ. ಅಷ್ಟರಲ್ಲಿ ಹತ್ತಿರದಲ್ಲೇ ಇದ್ದ ಕಟಾವಿನ ಗ್ಯಾಂಗಿನವರ ಮೊಬೈಲಿಗೆ ಆದೇಶ ಹೋಗಿ, ಅವರು ನಮ್ಮ ಬದುವಿಗೆ ಬಂದು ನಿಂತಿದ್ದರು.

ಅತ್ತೆಯವರಿಗೆ ಇದೆಲ್ಲ ಏನು ಗೊತ್ತು? "ಕಡಿಯಾಕ ಬಂದವರನ್ನ ಹೊಳ್ಳಿ ಕಳಸಬಾರದವಾ" ಎಂದು ಕಾಯಿ ಒಡೆದು, ಮೊದಲ ಕಬ್ಬಿಗೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದರು. ಅವರಿಗೆಲ್ಲ ಚಹಾ ಕೊಟ್ಟವಳು ನಾನೇ. ನಿಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಅರ್ಧ ಹೊಲ ಬಯಲಾಗಿತ್ತು. ನೀವು ನಾಚಿಕೊಂಡು ಅಕ್ಕನ ಮನೆಗೆ ಹೊರಟುಹೋದಿರಿ. ಸರದಿ ತಪ್ಪಿದ ಹೊಳೆಪ್ಪ ನಿನ್ನೆ ಅಂಗಳದಲ್ಲೇ ನಿಂತು, "ನಮ್ಮ ಕಬ್ಬು ಒಣಗಾಕತ್ತೈತಿ, ನಿಮ್ಮದು ಹ್ಯಾಂಗ ಹೋತು?" ಎಂದು ಕೇಳಿದ. ಸಾಹೇಬರಂತೂ "ಈಶ್ವರ ನನಗೇನೂ ಹೇಳಿಲ್ಲ, ತನ್ನ ಹೊಲಕ್ಕಂತ ಕಳ್ಳತನದಿಂದ ಮಾಡ್ಯಾನ" ಎಂದುಬಿಟ್ಟಿದ್ದಾರೆ. ಸೋಮವಾರ ವಿಚಾರಣೆ. ನೀವು ಬಾರದಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ, ಪೊಲೀಸರಿಗೆ ದೂರು ಕೊಡುತ್ತಾರಂತೆ. ನನಗೆ ಬಹಳ ಹೆದರಿಕೆಯಾಗುತ್ತಿದೆ. ಬಂದು ಎಲ್ಲರ ಎದುರು ಸಾಫ್ಟ್‌ವೇರಿನ ಆ ದೋಷವನ್ನು ಇನ್ನೊಮ್ಮೆ ಮಾಡಿ ತೋರಿಸಿ. ಈ ಸಲ ನಮ್ಮ ಹೊಲ ಬೇಡ, ಸಾಹೇಬರದನ್ನೇ ಮುಟ್ಟಿ.

ಅಕ್ಕನಿಗೆ ನಮಸ್ಕಾರ, ಅವರ ಮಕ್ಕಳಿಗೆ ಮುದ್ದು.

ನಿಮ್ಮ ದಾರಿ ನೋಡುತ್ತಿರುವ
ರಾಜಶ್ರೀ

ವಿ.ಸೂ.: ಲಕೋಟೆ ಅಂಟಿಸುವಾಗ ತಿಳಿಯಿತು. ಮಾವನವರು ತಲೆಗೆ ಮಡಿ ಪಟಕಾ ಸುತ್ತಿಕೊಂಡು ಕಾರ್ಖಾನೆಗೆ ಹೋಗಿ, "ನನ್ನ ಮಗಂದು ತಪ್ಪಿಲ್ಲರಿ, ಕಂಪ್ಯೂಟರದಾಗ ಸರದಿ ನಾನ ಬದಲ ಮಾಡೇನಿ" ಎಂದು ಹೇಳಿ ಹೆಬ್ಬೆಟ್ಟು ಒತ್ತಿ ಬಂದಿದ್ದಾರೆ. ಮೊಬೈಲಿನಲ್ಲಿ ನಿಮ್ಮ ಹೆಸರು ಹುಡುಕಲೂ ಬಾರದವರು. ಸಾಹೇಬರು ನಗಲೂ ಇಲ್ಲವಂತೆ, ಸುಮ್ಮನೆ ಬರೆಸಿಕೊಂಡರಂತೆ. ನಾಳೆ ಮೊದಲ ಬಸ್ಸಿಗೇ ಬನ್ನಿ.