ಹಳೆಯ ಪಂಪಿನ ಹತ್ತು ನಿಮಿಷ

ಸೋಮವಾರ, ೧೪ ಜುಲೈ ೨೦೨೫. ನಾಶಿಕ.

ಆ ಒಂದು ಸಾಲು ತಲೆಯಿಂದ ಹೋಗುತ್ತಿಲ್ಲ. ಶೇಂದ್ರಾದ ಕಾರ್ಖಾನೆ ಘಟಕ ಬಿಟ್ಟು ಇಲ್ಲಿಗೆ ಬಂದು ವರ್ಷವಾಯಿತು. ಅಲ್ಲಿನ ಯಂತ್ರಗಳ ಕೈಪಿಡಿ ಬರೆದವಳು ನಾನು, ಹಾಗಾಗಿ ಅನುಮಾನ ಬಂದಾಗಲೆಲ್ಲ ಫೋನು ನನಗೇ. ಇವತ್ತು ಮಾಡಿದವಳು ನನ್ನ ಜಾಗಕ್ಕೆ ಬಂದಿರುವ ಗಗನಾ.

"ಮೇಡಂ, ಎಣ್ಣೆ ಪಂಪ್ ಚಾಲೂ ಮಾಡಿದ ಮ್ಯಾಲ ಹತ್ತು ಮಿನಿಟ್ ಲೈನ್ ನಿಲ್ಲಸ್ರಿ ಅಂತ ಬರದೀರಿ. ಯಾಕ್ರಿ?"

"ಅದು ಹಳೇ ಪಂಪಿಗೆ. ಎಣ್ಣೆ ಕಾಯಬೇಕಿತ್ತು. ಹೊಸಾದಕ್ಕ ಬ್ಯಾಡ, ತಗದುಬಿಡು."

ಅವಳು ದನಿ ತಗ್ಗಿಸಿದಳು. "ಆ ಹೊತ್ತಿನಾಗ ಚಂದ್ರಾಮಪ್ಪ ಕಾಕಾ, ಅವರ ಶಿಫ್ಟಿನ ಮಂದಿ ಎಲ್ಲಾ ಚಾ ಕುಡೀತಾರ್ರಿ."

ಪಂಪು ಬದಲಾದದ್ದು ಹಿರಿಯ ಫಿಟ್ಟರ್ ಚಂದ್ರಾಮಪ್ಪನವರಿಗೆ ಗೊತ್ತಿಲ್ಲದ್ದೇನಲ್ಲ. ಹೊಸದನ್ನು ಕೂರಿಸಿದವರೇ ಅವರು. ಕೈಪಿಡಿಯ ಪ್ರತಿ ಪರಿಶೀಲನೆಯಲ್ಲೂ ಆ ಸಾಲಿನ ಪಕ್ಕ ಸರಿ ಗುರುತು ಹಾಕಿದವರೂ ಅವರೇ.

"ಹಂಗಾರ ಚಾ ಅಂತನ ಬರಿ," ಎಂದೆ.

"ಸಾಹೇಬ್ರು ಸಹಿ ಮಾಡ್ತಾರೇನ್ರಿ?"

ಮಾಡುವುದಿಲ್ಲ. ಎಣ್ಣೆ ಕಾಯಲು ಹತ್ತು ನಿಮಿಷ ಬಿಡುವವರು ಚಹಾ ಕಾಯಲು ಬಿಡುವುದಿಲ್ಲ.

ಇವತ್ತೂ ಬಟ್ಟೆ ಒಣಗಿಲ್ಲ. ಕೋಣೆಯಲ್ಲೆಲ್ಲ ಹಸಿ ವಾಸನೆ.

ಘಟಕದಲ್ಲಿ ಇಲ್ಲದ ಯಂತ್ರದ ಮಾತು ಕೈಪಿಡಿಯಲ್ಲಿ ಇರಕೂಡದು ಎಂದು ಹೊಸಬರಿಗೆಲ್ಲ ಪಾಠ ಮಾಡಿದವಳು ನಾನೇ. ತೆಗೆ ಎಂದು ಇನ್ನೊಮ್ಮೆ ಹೇಳಿ ಫೋನಿಟ್ಟೆ. ಸಂಜೆ ಅವಳು ತಿದ್ದಿದ ಪ್ರತಿ ಕಳಿಸಿ, ತಪ್ಪಿದ್ದರೆ ತಿಳಿಸಿ ಎಂದಿದ್ದಳು. ಕೆಲಸ ಅಚ್ಚುಕಟ್ಟಾಗಿದೆ. ಹೊಸ ಪಂಪಿನ ಚಿತ್ರ ಬಂದಿದೆ, ಅಳತೆಗಳು ಬದಲಾಗಿವೆ, ನನ್ನ ಹೆಸರಿನ ಜಾಗದಲ್ಲಿ ಅವಳ ಹೆಸರಿದೆ. ಹತ್ತು ನಿಮಿಷದ ಸಾಲು ಮಾತ್ರ ಇದ್ದಲ್ಲೇ ಇದೆ.

ಎರಡು ಸಲ ಓದಿದೆ. ತಪ್ಪೇನೂ ಕಾಣಲಿಲ್ಲ ಎಂದು ಉತ್ತರ ಬರೆದೆ.